ಸಾಹೇಬರ ಒಂದು ‘ಮಾಡಿ’

ಸ್ವಾತಂತ್ರ್ಯಕ್ಕಿಂತ ಮುಂಚಿನ ಮಾತು. ಪುಣೆಯಲ್ಲಿ ನಮ್ಮ ಹೊಸ ಮನೆಯ ಕೆಳಭಾಗ ಎದ್ದು ನಿಂತಿತ್ತು. ಮೇಲೊಂದು ಕೋಣೆ ಮಾತ್ರ ಬಾಕಿ. ಅದು ನನಗೆ, ಮೆಟ್ರಿಕ್ ಓದಲಿಕ್ಕೆ ಎಂದು ಅಪ್ಪ ಮಾತು ಕೊಟ್ಟಿದ್ದರು. ಏಳು ಜನರ ಗದ್ದಲದಲ್ಲಿ ಒಲೆಯ ಪಕ್ಕ ಕೂತು ಓದಿದವಳು ನಾನು. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆದರೆ ಪ್ಲೇಗು ಕಂಡ ಊರು, ಗಾಳಿ ಬೆಳಕಿನ ಕಾನೂನು ಬಿಗಿ. ಮೇಲೆ ಕಟ್ಟಿದರೆ ಪಕ್ಕದವರ ಅಂಗಳಕ್ಕೆ ಬಿಸಿಲು ತಪ್ಪೀತೇ ಎಂದು ಮುನಸಿಪಾಲಿಟಿಯವರು ಬಂದು ನೋಡಬೇಕಿತ್ತು. ನಕ್ಷೆಗೆ ಅವರ ಸಿಕ್ಕಾ, ಅಂದರೆ ಮೊಹರು, ಬೀಳುವ ತನಕ ಒಂದು ಇಟ್ಟಿಗೆಯೂ ಏರಬಾರದೆಂದು ತಾಕೀತು ಮಾಡಿ ಅಪ್ಪ ಪಕ್ಕದ ಖಡಕಿಯಲ್ಲಿದ್ದ ತಮ್ಮ ಕಚೇರಿಗೆ ಹೋಗುತ್ತಿದ್ದರು.

ಇನ್ಸ್‌ಪೆಕ್ಟರು ಬಂದದ್ದು ಅಪ್ಪ ಇಲ್ಲದಾಗಲೇ. ಕೆಲಸದ ಮೇಲೆ ಕಣ್ಣಿಡಲು ಅಜ್ಜಿ, ಅವಳ ಜೊತೆ ನಾನು. ಧಾರವಾಡ ಬಿಟ್ಟು ಹತ್ತು ವರ್ಷವಾದರೂ ಅಜ್ಜಿ ಮರಾಠಿಯನ್ನು ಹೊಸ್ತಿಲೊಳಗೆ ಬಿಟ್ಟುಕೊಂಡಿರಲಿಲ್ಲ. ಇನ್ಸ್‌ಪೆಕ್ಟರು ಸುತ್ತ ಅಳೆದು, ಬೆರಳು ಮೇಲೆತ್ತಿ, "ಮಾಡಿ?" ಎಂದರು. ಅಜ್ಜಿ ತಲೆಯಾಡಿಸಿದಳು. ಅವರು ಏನೋ ಬರೆದುಕೊಂಡು ಸೈಕಲ್ ಹತ್ತಿದರು.

"ಕೇಳಿದೇನ? ಸಾಹೇಬ್ರಿಗೆ ಕನ್ನಡ ಬರ್ತದ. ಮಾಡಿ ಅಂದ್ರು. ‘ರೀ’ ಹಚ್ಚಲಿಲ್ಲ, ಇರ್ಲಿ," ಎಂದ ಅಜ್ಜಿ, ನಮ್ಮ ಕಡೆಯವನೇ ಆದ, ಗೋಡೆ ಕಟ್ಟುವ ಗೌಂಡಿಗೆ "ನಡೀಲಿ" ಎಂದಳು.

ಮರಾಠಿಯಲ್ಲಿ ಮಾಡಿ ಎಂದರೆ ಮಹಡಿ. ಸಾಹೇಬರದು ಪ್ರಶ್ನೆ, ಅಪ್ಪಣೆಯಲ್ಲ. ಮರಾಠಿ ಶಾಲೆಗೆ ಹೋಗುತ್ತಿದ್ದ ನನಗೆ ಅದು ಚೆನ್ನಾಗಿ ಗೊತ್ತಿತ್ತು. ಬಾಯಿಗೆ ಬೀಗ ಹಾಕಿಕೊಂಡೆ. ಸಾಲದ್ದಕ್ಕೆ ಇಟ್ಟಿಗೆ ಎತ್ತಿ ಕೊಟ್ಟೆ. ಸಂಜೆಗೆ ಗೋಡೆ ಮೊಳಕಾಲು ಮುಟ್ಟಿತು. ಅದರೊಳಗೆ ನಿಂತು, ಇಲ್ಲಿ ಪುಸ್ತಕ, ಇಲ್ಲಿ ಕಿಟಕಿ ಎನ್ನುತ್ತ ಕುಣಿದೆ.

ಅಪ್ಪ ಬಂದು ನೋಡಿ ಕೆಂಡವಾದರು. ಮರುದಿನ ತಾವೇ ಹೋಗಿ ಇನ್ಸ್‌ಪೆಕ್ಟರನ್ನು ಕರೆತಂದರು. ಯಾರು ಕಟ್ಟಲು ಹೇಳಿದರು ಎಂದು ಅವರು ಮರಾಠಿಯಲ್ಲಿ ಕೇಳಿದ್ದನ್ನು ನಾನೇ ಅಜ್ಜಿಗೆ ಹೇಳಬೇಕಾಯಿತು.

"ನೀವ ಅಂದ್ರಲ್ರೀ," ಎಂದಳು ಅಜ್ಜಿ.

ಅದನ್ನೂ ನಾನೇ ಮರಾಠಿಗೆ ತಂದೆ. ಅವರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ನನ್ನತ್ತ ತಿರುಗಿ, "ನಿನಗೆ ಎರಡೂ ಭಾಷೆ ಬರುತ್ತವಲ್ಲ, ನಿನ್ನೆ ಎಲ್ಲಿದ್ದೆ?" ಎಂದರು.

"ಇಲ್ಲೇ," ಎಂದೆ. ನೆಲ ಬಾಯಿ ಬಿಡಬಾರದೇ ಅನಿಸಿತು.

ಕಟ್ಟಿದ್ದನ್ನು ಕೆಡವಿಸಿ, ಪಕ್ಕದವರ ಬಿಸಿಲಿಗಾಗಿ ಗೋಡೆ ಮೂರು ಮೊಳ ಹಿಂದೆ ಸರಿಯಲೆಂದು ನಕ್ಷೆಯ ಮೇಲೆ ಗೆರೆ ಎಳೆದರು. ವಾರದಲ್ಲಿ ಸಿಕ್ಕಾ ಬಿತ್ತು. ಕೋಣೆ ಸಣ್ಣದಾಯಿತು, ಆದರೆ ನನ್ನದಾಯಿತು. "ಮೂರು ಮೊಳ ಸರೀಬೇಕಂತ, ಅಷ್ಟ," ಎಂದು ಮಾತ್ರ ಅಪ್ಪ ಅಜ್ಜಿಗೆ ಹೇಳಿದರು; ‘ಮಾಡಿ’ಯ ಅರ್ಥ ಬಿಡಿಸಲಿಲ್ಲ.

ಮೇಲೆ ಹತ್ತಿ ಬಂದ ನೆಂಟರಿಗೆಲ್ಲ ಅಜ್ಜಿ ಕೊನೆಯ ತನಕ ಹೇಳುತ್ತಿದ್ದಳು: "ಆ ಸಾಹೇಬ್ರು ಭಾಳ ಚಲೋ ಇದ್ರು. ಕನ್ನಡದಾಗ ‘ಮಾಡಿ’ ಅಂದ್ರು. ಬೇಕಾದ್ರ ಈಕೀನ ಕೇಳ್ರಿ."

ನೆಂಟರು ನನ್ನ ಮುಖ ನೋಡುತ್ತಿದ್ದರು.

"ಹೌದ್ರಿ," ಎನ್ನುತ್ತಿದ್ದೆ.