ಬೆರಳಿನೊಳಗೆ ಹೊಕ್ಕ ಎಣ್ಣೆ

ಇರುವೆ ಕಚ್ಚಿದಂತಾಯಿತು. ಕೈಗವಸು ತೆಗೆದು ನೋಡಿದರೆ ತೋರುಬೆರಳಿನ ತುದಿಯಲ್ಲಿ ಸೂಜಿಮೊನೆಯಷ್ಟು ಚುಕ್ಕೆ. ರಕ್ತವೂ ಇಲ್ಲ, ನೋವೂ ಇಲ್ಲ.

ಇಂಗ್ಲಿಷರ ಊರಾದ ಗ್ರೀನ್‌ಫರ್ಡ್‌ನ ನಮ್ಮ ವರ್ಕ್‌ಶಾಪಿನಲ್ಲಿ ಮಣ್ಣು ಅಗೆಯುವ ಯಂತ್ರದ ಹೈಡ್ರಾಲಿಕ್ ಸಿಲಿಂಡರಿಗೆ ಸೋರಿಕೆ ತಡೆಯುವ ಹೊಸ ಸೀಲ್ ಹಾಕಿ, ಎಂಜಿನ್ ಚಾಲೂ ಮಾಡಿ ಪರೀಕ್ಷಿಸುತ್ತಿದ್ದೆ. ಪೈಪಿನ ಸಂದಿಯಲ್ಲಿ ಭಾರೀ ಒತ್ತಡದ ಎಣ್ಣೆ ಮಂಜಿನಂತೆ ಚಿಮ್ಮುತ್ತಿತ್ತು. ಎಲ್ಲಿಂದ ಸೋರುತ್ತಿದೆಯೆಂದು ತಿಳಿಯಲು ಕೈ ಒಡ್ಡಿದ್ದೆ, ಅಷ್ಟೇ. ಎಂಜಿನ್ ಆರಿಸಿ, ಬೆರಳು ಒರೆಸಿಕೊಂಡು ಊಟಕ್ಕೆ ಕೂತೆ.

ಆಗಲೇ ಹೆಂಡತಿ ಫೋನ್ ಮಾಡಿದಳು. ಧಾರವಾಡದವಳು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್. ನಗುತ್ತಲೇ ಸಂಗತಿ ಹೇಳಿದೆ. ಅವಳು ನನ್ನ ಮಾತು ತಡೆದು ಕೂಗಿದಳು.

"ನೋವಿಲ್ಲ ಅಂತ ಸುಮ್ನ ಕೂಡಬ್ಯಾಡ್ರಿ! ಎಣ್ಣಿ ಚರ್ಮ ತೂರಿ ಒಳಗ ಹೊಕ್ಕಿರ್ತದ. ಈಗಿಂದೀಗ ಆಸ್ಪತ್ರಿಗೆ ನಡೀರಿ, ತಡಾ ಆದ್ರ ಬೆರಳು ಉಳಿಯೂದಿಲ್ಲ."

ಊಟದ ಡಬ್ಬಿ ಮುಚ್ಚಿ ಎದ್ದೆ. ಜೊತೆಗಾರನ ವ್ಯಾನಿನಲ್ಲಿ ಹೋಗುತ್ತಿರುವಾಗಲೇ ಬೆರಳು ಊದಿ ಬಿಳಿಚಿಕೊಂಡಿತು. ಸರ್ಜನ್ ತುದಿಯನ್ನು ಒತ್ತಿ, "ಕ್ಯಾನ್ ಯು ಫೀಲ್ ದಿಸ್?" ಎಂದರು. ಒತ್ತಿದ್ದೇ ಗೊತ್ತಾಗಲಿಲ್ಲ. ಅರಿವಳಿಕೆ ಕೊಟ್ಟು ಬೆರಳಿಂದ ಅಂಗೈವರೆಗೆ ಸೀಳಿ ಎಣ್ಣೆ ತೊಳೆದರು. ಎಚ್ಚರವಾದಾಗ ಬ್ಯಾಂಡೇಜಿನ ಕಡೆ ನೋಡಲು ಧೈರ್ಯವಾಗಲಿಲ್ಲ. "ಉಳದದ ರೀ" ಎಂದು ಹೆಂಡತಿಯೇ ಹೇಳಬೇಕಾಯಿತು.

ಈಗ ಮತ್ತೆ ಅದೇ ಕೆಲಸ ಮಾಡುತ್ತೇನೆ. ಸೋರಿಕೆ ಹುಡುಕಲು ಉದ್ದನೆಯ ರಟ್ಟು ಹಿಡಿಯುತ್ತೇನೆ. ಆದರೂ ಎಂಜಿನ್ ಸದ್ದು ಏರಿದೊಡನೆ ಆ ಬೆರಳು ತಾನಾಗಿಯೇ ಮಡಚಿಕೊಂಡು ಅಂಗೈಯೊಳಗೆ ಅಡಗಿಕೊಳ್ಳುತ್ತದೆ.