ಖಾಲಿ ಅಂತ ಬರೆಸಿದ ಹೊಯಿಗೆ

ಬೈಂದೂರಿನ ಕಡಲ ಬದಿಯಲ್ಲಿ ಸುಗುಣ ಮೀನು ಒಣಗಿಸಲು ತೊಡಗಿ ಮೂವತ್ತೊಂದು ವರ್ಷವಾಯಿತು. ಮದುವೆಯಾಗಿ ಬಂದ ಮೂರನೆಯ ದಿನವೇ ಅತ್ತೆ ರತ್ನ ಅವಳನ್ನು ದಂಡೆಗೆ ಕರೆದೊಯ್ದು, "ಇಲ್ಲಿಂದ ಅಲ್ಲಿವರೆಗೆ ನಿನ್ ಹೊಯ್ಗಿ" ಎಂದು ಮರಳು ತೋರಿಸಿದ್ದಳು. ಅಂದಿನಿಂದ ಬೆಳಗಿನ ಗಂಜಿ ಒಲೆಗಿಟ್ಟು, ಬಂಗಡೆ ಸೀಳಿ ಉಪ್ಪು ಸವರಿ ಹರಡುವುದು. ಹನ್ನೊಂದಕ್ಕೆ ಒಮ್ಮೆ ಮಗುಚುವುದು. ಮನೆಗೆ ಓಡಿ ಅನ್ನ ಬಸಿದು ಮತ್ತೆ ಬಂದು ಕಾಗೆ ಓಡಿಸುವುದು. ಮನೆಯ ಹಂಚು, ಮಗಳ ಓದು ಎಲ್ಲ ಆ ಹೊಯಿಗೆಯಿಂದಲೇ ಬಂದದ್ದು. ಆದರೂ ಹೆಂಡತಿ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಗಂಡ ಬಚ್ಚ "ಮನೆಯಗೇ ಇರ್ತ್ಲ್" ಎನ್ನುತ್ತಿದ್ದ.

ಪೇಟೆಯ ಹೊಸ ನಕ್ಷೆ ಕೆಟ್ಟದ್ದೂ ಇದೇ ಬುದ್ಧಿಯಿಂದ. ಪೇಟೆಯ ಮುಂದಿನ ಇಪ್ಪತ್ತು ವರ್ಷಗಳ ಯೋಜನೆಗೆಂದು ಅಳೆಯುವವರು ಬಂದದ್ದು ಜುಲೈಯಲ್ಲಿ. ಮಳೆಗಾಲವಾದ್ದರಿಂದ ದೋಣಿಗಳೆಲ್ಲ ದಡದ ಮೇಲಿದ್ದವು, ಹೊಯಿಗೆ ಬರಿದಾಗಿತ್ತು. ಬಲೆ ರಿಪೇರಿ ಮಾಡುತ್ತಿದ್ದ ಬಚ್ಚ ಅವರಿಗೆ ದೋಣಿ ಎಳೆಯುವ ಜಾಗ, ಬಲೆಯ ಶೆಡ್ಡು, ಮಂಜುಗಡ್ಡೆಯ ಕಟ್ಟಡ ಎಲ್ಲ ಉತ್ಸಾಹದಿಂದ ತೋರಿಸಿದ.

"ಆಚೆ ಬದಿ ಏನಿದೆ?" ಎಂದು ಕೇಳಿದರು.

"ಅಲ್ಲೆಂತ ಇಲ್ಲೆ ಮಾರಾಯ್ರೆ, ಖಾಲಿ."

ಡಿಸೆಂಬರಿನಲ್ಲಿ ಕರಡು ನಕ್ಷೆಯನ್ನು ಕಚೇರಿಯ ಗೋಡೆಗೆ ಅಂಟಿಸಿದರು. ಖಾಲಿ ಜಾಗದಲ್ಲಿ ಪ್ರವಾಸಿಗರ ಕಾರು ನಿಲ್ಲಿಸುವುದೆಂದು ಬರೆದಿತ್ತು. ಪಕ್ಕದ ಮನೆಯ ಹರಿಣಾಕ್ಷಿ ಅದರ ಫೋಟೋ ತಂದು ತೋರಿಸಿದಳು. ಅವಳದೂ ಅಲ್ಲೇ ಒಂದು ಪಾಲು.

ಸುಗುಣ ಗಂಡನ ಎದುರು ನಿಂತಳು. "ನೀವ್ ಅವ್ರ ಹತ್ರ ಎಂತ ಹೇಳಿದ್ರಿ?"

"ಕೇಳ್ದ್ರ್, ಹೇಳ್ದೆ. ಆಗ ಖಾಲಿಯೇ ಇತ್ತಲ್ದಾ?"

"ದೋಣಿಯೂ ಆಗ ಕಡಲಗ್ ಇರ್ಲಿಲ್ಲೆ. ಅದನ್ನ್ ಬರ್ಸಿದ್ರಿ."

ಬಚ್ಚ ತಲೆ ಕೆರೆದುಕೊಂಡ. ಬೇಕೆಂದು ಮಾಡಿದ್ದಲ್ಲ ಪಾಪ, ಕಣ್ಣಿಗೇ ಬಿದ್ದಿರಲಿಲ್ಲ. ಅದೇ ಸುಗುಣಳಿಗೆ ಹೆಚ್ಚು ಉರಿದದ್ದು.

ಹದಿನಾಲ್ಕು ಹೆಂಗಸರು ಸೇರಿ ಆಕ್ಷೇಪಣೆ ಬರೆದುಕೊಟ್ಟರು. ವಿಚಾರಣೆ ಮಂಗಳವಾರ ಹನ್ನೊಂದು ಗಂಟೆಗೆ ಎಂದು ಪತ್ರ ಬಂತು.

"ಹನ್ನೊಂದಕ್ಕೆ ಮೀನ್ ಮಗ್ಚುದ್ ಯಾರ್?" ಹರಿಣಾಕ್ಷಿ ಗಾಬರಿಯಾದಳು.

"ಗಂಡ್ಸ್ರ್ ಮಗ್ಚ್ಲಿ. ಎಂತ ಇಲ್ದಿದ್ ಜಾಗ್ದಲ್ಲಿ ಅವ್ರಿಗೇನ್ ಕಷ್ಟ?"

ಅಂದು ಗಂಡಸರು ಕೋಲು ಹಿಡಿದು ಹೊಯಿಗೆಯಲ್ಲಿ ನಿಂತರು, ಹೆಂಗಸರು ಕಚೇರಿಗೆ ಹೋದರು.

ವಿಚಾರಣೆಗೆ ಕೂತಿದ್ದ ಅಧಿಕಾರಿ ವಿನಯಾ ಎಂಬ ಹುಡುಗಿ. "ದಾಖಲೆ ಏನಾದರೂ ಇದೆಯಾ ಅಮ್ಮ?" ಎಂದು ಕೇಳಿದಳು. ಅತ್ತೆಯಿಂದ ಸೊಸೆಗೆ ಬಾಯಿಮಾತಲ್ಲಿ ಬಂದ ಜಾಗಕ್ಕೆ ಕಾಗದ ಎಲ್ಲಿಂದ ಬರಬೇಕು? ಸುಗುಣ ಚೀಲದಿಂದ ಹಳೆಯ ಹುರಿಹಗ್ಗ ತೆಗೆದಳು. ಮಳೆ ಕಳೆದ ಮೇಲೆ ಮೊದಲ ಮೀನು ಹರಡುವ ಮುಂಚೆ, ಅವರಲ್ಲಿ ಹಿರಿಯಳು ರಸ್ತೆಬದಿಯ ಕಲ್ಲಿನಿಂದ ನೀರಿನ ಅಂಚಿನವರೆಗೆ ಆ ಹಗ್ಗ ಎಳೆದು ಎಲ್ಲರಿಗೂ ಪಾಲು ಹಂಚುವುದು ವಾಡಿಕೆ. ಎರಡೂ ಕೈ ಚಾಚಿದಷ್ಟಕ್ಕೆ ಒಂದು ಮಾರು, ಮಾರಿಗೊಂದು ಗಂಟು. ಕಡಲು ಮುಂದೆ ಬಂದು ಹಗ್ಗ ಉಳಿದರೆ ಕತ್ತರಿಸುವುದಿಲ್ಲ, ಉಳಿದ ತುದಿಯನ್ನು ಮಡಚಿ ಬಟ್ಟೆ ಸುತ್ತಿಡುತ್ತಾರೆ.

"ನಾ ಮದಿಯಾಯಿ ಬಪ್ಪತಿಗೆ ಅರ್ವತ್ತ್ ಮಾರ್ ಇತ್ತ್ ಮೇಡಂ. ಈಗ ನಲ್ವತ್ತೆರಡ್. ಬಾಕಿದ್ದ್ ಕಡಲ್ ತಿಂದಿತ್."

ವಿನಯಾ ಎದ್ದು ಬಂದು ಗಂಟುಗಳನ್ನು ಬೆರಳಲ್ಲೇ ಎಣಿಸಿದಳು. ಆಮೇಲೆ ನಕ್ಷೆಯ ಮೇಲೆ ಸ್ಕೇಲು ಇಟ್ಟು, "ಇಪ್ಪತ್ತು ವರ್ಷಕ್ಕೆ ಕಾರು ನಿಲ್ಲಿಸುವ ಜಾಗದ ಕಾಲು ಭಾಗಕ್ಕೂ ಹೆಚ್ಚು ನೀರಲ್ಲಿರುತ್ತೆ" ಎಂದಳು, ತನಗೆ ತಾನೇ ಹೇಳಿಕೊಂಡಂತೆ.

"ನಾವಾದ್ರೆ ಹಿಂದ್ ಸರ್ದ್ ಒಣ್ಗ್ಸ್ತ್. ಕಾಂಕ್ರೀಟ್ ಸರಿತ್ತಾ ಮೇಡಂ?"

ಅಷ್ಟರಲ್ಲಿ ಸುಗುಣಳ ಫೋನು ಹೊಡೆದುಕೊಂಡಿತು. ಎತ್ತಿದ್ದೇ ತಡ ಬಚ್ಚನ ದನಿ ಇಡೀ ಕೋಣೆಗೆ ಕೇಳಿಸಿತು: "ಹ್ವಾಯ್, ಈ ಬಂಗ್ಡಿ ಚರ್ಮದ್ ಬದಿ ಮೇಲ್ ಮಾಡ್ಕಾ, ಕೆಳ್ಗಾ? ಕಾಗಿ ಬೇರೆ ಬಿಡುದಿಲ್ಲೆ!"

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ವಿನಯಾ ಕೂಡ ನಕ್ಕುಬಿಟ್ಟಳು. ಮರುದಿನ ಹನ್ನೊಂದಕ್ಕೆ ಸರಿಯಾಗಿ ಅವಳು ದಂಡೆಗೆ ಬಂದು, ಬಿಸಿಲಲ್ಲಿ ನಿಂತು, ಹದಿನಾಲ್ಕು ಪಾಲನ್ನೂ ಅಳೆಸಿ ಬರೆದುಕೊಂಡು ಹೋದಳು.

ಏಪ್ರಿಲಿನಲ್ಲಿ ಅಂತಿಮ ನಕ್ಷೆ ಬಂತು. ಸುಗುಣ ಬೆರಳಿಟ್ಟು ಅಕ್ಷರ ಅಕ್ಷರ ಓದಿದಳು: ಮೀನು ಒಣಗಿಸುವ ಅಂಗಳ. ಅದರ ಹಿಂದೆ ಏನೂ ಕಟ್ಟಬಾರದೆಂದು ಬಿಟ್ಟ ಒಂದು ಪಟ್ಟಿ. ಕಾರುಗಳು ಹೆದ್ದಾರಿಯ ಬದಿಗೆ ಹೋಗಿದ್ದವು. ಕಡಲು ತಿನ್ನುವುದನ್ನು ನಕ್ಷೆ ತಡೆಯಲಾರದು, ಅವಳಿಗೆ ಗೊತ್ತು. ಆದರೆ ಹಿಂದೆ ಸರಿಯಲು ಈಗ ನೆಲವಿತ್ತು. ಅವಳು ಹೊರಗೆ ಬಂದು ಕಚೇರಿಯ ಮೆಟ್ಟಿಲ ಮೇಲೆ ಕುಳಿತೇಬಿಟ್ಟಳು.

"ಏಳ್ ಮಾರಾಯ್ತಿ, ಬಸ್ ಬಂತ್" ಎಂದು ಹರಿಣಾಕ್ಷಿ ಕೈ ಎಳೆದಳು.

"ಹೋಯ್ಲಿ ಬಿಡ್. ಅಂಗಳ ಎಲ್ಲಿಗೂ ಹೋತಿಲ್ಲೆ. ಬಾ, ನೀನೂ ಕೂಕೊ."