ತುಳಜಾಬಾಯಿಯ ಒಂದು ವೋಟು

ಶಹಾಬಾದಿನ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿ ಕೆಲಸದವರ ಓಣಿಯಲ್ಲಿ ಎಲ್ಲರ ವೋಟೂ ಗುಟ್ಟು, ತುಳಜಾಬಾಯಿಯದೊಂದು ಬಿಟ್ಟು. ಎಣಿಕೆಯ ದಿನ ಆ ಓಣಿಯ ಬೂತಿನ ಯಂತ್ರ ತೆರೆದಾಗಲೆಲ್ಲ ‘ದುಡಿವ ಜನರ ಪಕ್ಷ’ದ ಮುಂದೆ ಒಂದೇ ಒಂದು ವೋಟು ಇರುತ್ತಿತ್ತು. ಅದು ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ. ಕೇಳುವ ಮೊದಲೇ ಅವಳೇ ಹೇಳಿಬಿಡುತ್ತಿದ್ದಳು.

ಪಕ್ಷವೆಂದರೆ ಹೆಚ್ಚುಕಡಿಮೆ ಸಂಘಪಾಲ ಮಾಸ್ತರರು ಮತ್ತು ಅವರ ಹಳೆಯ ಲೂನಾ ಮೊಪೆಡ್. ಪ್ರತಿ ಸಲ ನಿಲ್ಲುವವರೂ ಅವರೇ, ಅವರ ವೋಟು ಮಾತ್ರ ಬೇರೆ ಬೂತಿನಲ್ಲಿ. ಹಿಂದೊಮ್ಮೆ ಎರಡು ವರ್ಷ ಅರ್ಜಿ ಬರೆದು ಬರೆದು, ಕಚೇರಿ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಕೂತು, ಓಣಿಗೆ ನಳ ತಂದವರು ಅವರೇ. ನೀರು ಎಲ್ಲರೂ ಕುಡಿದರು, ವೋಟು ಹಾಕಿದವಳು ಇವಳೊಬ್ಬಳೇ. ಸಣ್ಣ ಪಕ್ಷವಾದ್ದರಿಂದ ಖಾಯಂ ಚಿಹ್ನೆಯ ಭಾಗ್ಯವೂ ಇಲ್ಲ. ಒಂದು ಸಲ ಬಕೆಟ್, ಒಂದು ಸಲ ಟಾರ್ಚು. ಪ್ರತಿ ಚುನಾವಣೆಗೂ ತುಳಜಾಬಾಯಿ “ಈ ಸಲ ಏನ್ ಕೊಟ್ಟಾರ್ರಿ ಮಾಸ್ತರ?” ಎಂದು ಕೇಳಿ ತಿಳಿದುಕೊಳ್ಳಬೇಕು. ಫಲಿತಾಂಶದ ದಿನ ಮಾಸ್ತರರು ತಪ್ಪದೆ ಬಂದು, ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, “ಬಾಯಿ, ನಿಮ್ಮ ಒಂದು ಬಂದದ” ಎಂದು ಹೇಳಿ ಹೋಗುವರು. ಅವಳಿಗೆ ಅದೇ ಹಬ್ಬ.

ಈ ಸಲದ ಲೋಕಸಭಾ ಚುನಾವಣೆಯಲ್ಲಿ ಮಾಸ್ತರರಿಗೆ ಹೊಲಿಗೆ ಯಂತ್ರದ ಚಿಹ್ನೆ ಸಿಕ್ಕಿತ್ತು. ಆದರೆ ಓಣಿಯ ಮೂಲೆಯ ಬಟ್ಟೆ ಅಂಗಡಿಯ ನಾಗೇಂದ್ರಪ್ಪನವರು ಅವಳ ಬೆನ್ನು ಬಿದ್ದರು. ಅವರು ದೊಡ್ಡ ಪಕ್ಷವೊಂದರ ಬೂತಿನ ಮುಖ್ಯಸ್ಥರು. ಈ ಬೂತಿನಲ್ಲಿ ಲೀಡ್ ಕೊಡದಿದ್ದರೆ ಮೀಸೆ ತೆಗೆಯುತ್ತೇನೆಂದು ಪಕ್ಷದ ಸಭೆಯಲ್ಲಿ ಹೇಳಿ ಬಂದಿದ್ದರು. ಮೀಸೆಯೂ ಅಂಥಿಂಥದ್ದಲ್ಲ.

“ಬಾಯಿ, ಮಾಸ್ತರ್ ಗೆಲ್ತಾರೇನು?”

“ಎಲ್ಲಿ ಗೆಲ್ತಾರ್ರಿ ಸಾವುಕಾರ್ರ.”

“ಮತ್ತ? ಅವರಿಗಿ ಹಾಕಿದ್ರ ನಿಮ್ಮ ವೋಟ್ ಮಣ್ಣಾಗ ಹಾಕಿದಂಗ. ಟಕ್ಕರ್ ಭಾಳ ಅದ. ನಿಮಗ ಬ್ಯಾಡಾದವ ಒಂದ್ ವೋಟಿಲೆ ಗೆದ್ರ ಏನ್ ಮಾಡ್ತೀರಿ?”

ನಾಲ್ಕು ದಿನ ಇದೇ ಮಾತು. ಐದನೆಯ ದಿನ ಅದೇ ಯೋಚನೆಯಲ್ಲಿ ತುಳಜಾಬಾಯಿಯ ರೊಟ್ಟಿ ಹಂಚಿನ ಮೇಲೆ ಕರಕಲಾಯಿತು. ಮತದಾನದ ದಿನ ಮತಗಟ್ಟೆಯಲ್ಲಿ ಅವಳ ಬೆರಳು ಹೊಲಿಗೆ ಯಂತ್ರದ ಹತ್ತಿರ ಹೋಗಿ, ಮೇಲಕ್ಕೆ ಸರಿದು ಸಾವುಕಾರರ ಚಿಹ್ನೆಯನ್ನು ಒತ್ತಿಬಿಟ್ಟಿತು. ಗಾಜಿನೊಳಗೆ ಚೀಟಿ ಕಂಡು ಕೆಳಗೆ ಬಿತ್ತು. ಮಸಿ ಹಚ್ಚಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳು ಮನೆಗೆ ಬಂದಳು.

ಆಮೇಲಿನ ನಾಲ್ಕು ವಾರ ಅವಳಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಮಾಸ್ತರರ ಮುಂದೆ ಸೊನ್ನೆ ಬರುತ್ತದೆ, ಅವರು ಬಂದು ಕಟ್ಟೆಯ ಮೇಲೆ ಕೂರುತ್ತಾರೆ, ಆಗ ಯಾವ ಮುಖ ಹೊತ್ತು ಚಹಾ ಕೊಡುವುದು? ಎಣಿಕೆಯ ದಿನ ನಾಲವಾರ ಊರಿನ ಮಗಳ ಮನೆಗೆ ರೈಲು ಹತ್ತಿ ಓಡಿಹೋಗುವುದೆಂದು ಗಂಟು ಕಟ್ಟಿದಳು. ಗಂಟು ಕಂಕುಳಿಗೆ ಏರಿತ್ತು, ಅಷ್ಟರಲ್ಲಿ ಲೂನಾ ಬಂತು.

ಮಾಸ್ತರರು ಸ್ಟ್ಯಾಂಡ್ ಹಾಕುವುದನ್ನೂ ಮರೆತರು. ಲೂನಾ ನಳದ ಕೊಡಗಳ ಮೇಲೆ ಬಿತ್ತು.

“ಬಾಯಿ! ಹದಿನೇಳು! ನಿಮ್ಮ ಬೂತಿನಾಗ ಹದಿನೇಳು!”

ಸೊನ್ನೆಗೆ ಕಾದಿದ್ದ ತುಳಜಾಬಾಯಿ ಗಂಟನ್ನು ಸೆರಗಿನಡಿ ಸರಿಸಿಕೊಂಡಳು. ಹಿಂದೆಯೇ ನಾಗೇಂದ್ರಪ್ಪನವರು ಮೀಸೆಯ ಮೇಲೆ ಕೈ ಮುಚ್ಚಿಕೊಂಡು ಬಂದರು. ಆ ಬೂತಿನಲ್ಲಿ ಅವರ ಪಕ್ಷ ಹನ್ನೊಂದು ವೋಟು ಹಿಂದೆ ಬಿದ್ದಿತ್ತು.

“ನನ್ನ ಲೀಡ್ ನುಂಗಿದ್ರಲ್ಲ! ಯಾರ್ರಿ ಆ ಹದಿನೇಳ್ ಮಂದಿ?”

“ಒಂದು ನಂದು” ಎಂದರು ಬೆನ್ನಿಗೇ ಬಂದಿದ್ದ ಅವರ ಹೆಂಡತಿ ಮಹಾದೇವಮ್ಮ. “ತುಳಜಕ್ಕನ ಒಂದೇ ವೋಟಿಗಿ ಮಂದಿ ನಗತಿದ್ರು. ಎರಡರೆ ಆಗ್ಲಿ ಅಂತ ಒತ್ತಿದೆ.”

ಬಳೆ ಅಂಗಡಿಯ ಹುಮೇರಾ ಕೊಡ ಕೆಳಗಿಟ್ಟಳು. “ನಾನೂ ಎರಡಾಗ್ಲಿ ಅಂತೇ ಹಾಕೀನಿ!”

ನಳದ ಸಾಲಿನಿಂದ ಒಂದು ಕೈ, ಹೋಟೆಲಿನ ಬೆಂಚಿನಿಂದ ಮೂರು, ಮಾಳಿಗೆಯ ಮೇಲಿಂದ ಎರಡು, ಹೀಗೆ ಕೈಗಳು ಏಳುತ್ತಲೇ ಹೋದವು. ಎಲ್ಲರದೂ ಅದೇ ಮಾತು. ಪ್ರತಿಯೊಬ್ಬರೂ ತಾವೊಬ್ಬರೇ ಗುಟ್ಟಾಗಿ ತುಳಜಾಬಾಯಿಯ ವೋಟಿಗೆ ಜೊತೆಯಾಗಿ ಎರಡನೆಯ ವೋಟು ಹಾಕಿದ್ದೆಂದು ತಿಳಿದಿದ್ದರು! ಓಣಿಗೆ ಓಣಿಯೇ ಹೊಟ್ಟೆ ಹಿಡಿದು ನಕ್ಕಿತು. ಹುಮೇರಾ ನಗುತ್ತಲೇ ಎತ್ತಿದ ಕೈಗಳನ್ನೆಲ್ಲ ಎಣಿಸಿದಳು. ಹದಿನೇಳಕ್ಕೆ ಹದಿನೇಳೂ ಅಲ್ಲೇ ಸಿಕ್ಕವು.

ನಾಗೇಂದ್ರಪ್ಪನವರು ವ್ಯಾಪಾರಸ್ಥರು, ಲೆಕ್ಕ ಬಿಡುವವರಲ್ಲ. “ತಡೀರಿ. ಹದಿನೇಳೂ ಎರಡನೇ ವೋಟಾದ್ರ, ಒಂದನೇದು ಎಲ್ಲಿ ಹೋಯ್ತು?”

ತುಳಜಾಬಾಯಿ ಗಂಟು ಕೆಳಗಿಟ್ಟಳು. “ಅದು ನಿಮಗ ಬಂದದ್ರಿ ಸಾವುಕಾರ್ರ.” ಆಮೇಲೆ ಮಾಸ್ತರರ ಕಡೆ ತಿರುಗಿದಳು, ಕೆನ್ನೆಯ ಮೇಲೆ ನೀರಿಳಿದಿತ್ತು. “ತಪ್ಪಾಯ್ತ್ರಿ. ಇಷ್ಟು ವರ್ಷ ಒಬ್ಬಾಕೇ ನಿಂತೆ. ಎಲ್ಲಾರೂ ಬಂದ ದಿನ ನಾನೇ ಇದ್ದಿಲ್ಲ.”

ಮಾಸ್ತರರು ಚಶ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

“ಬಾಯಿ, ನನ್ನ ಮಾರಿ ನೋಡಿ ಯಾರ್ ಹಾಕ್ಯಾರ? ಆ ಹದಿನೇಳೂ ನನಗ ಬಿದ್ದಿದ್ದಲ್ಲ, ನಿಮಗ ಬಿದ್ದಿದ್ದು.”

ತುಳಜಾಬಾಯಿ ಹುಮೇರಾಳನ್ನು ನೋಡಿದಳು, ಮಹಾದೇವಮ್ಮನನ್ನು ನೋಡಿದಳು, ಮಾಳಿಗೆಯವರನ್ನೂ ನೋಡಿದಳು. ಕೆನ್ನೆ ಇನ್ನೂ ಹಸಿಯಾಗಿತ್ತು, ನಗು ಮಾತ್ರ ತಡೆಯಲಾಗಲಿಲ್ಲ.

“ಅಯ್ಯ! ಹಂಗಾದ್ರ ಓಣ್ಯಾಗ ಎಲ್ಲಾರೂ ನನಗ ಹಾಕ್ಯಾರ, ನನಗ ನಾನೇ ಹಾಕ್ಕೊಂಡಿಲ್ಲ!”